ಹುಲ್ಲು ಬಾರದ ಹಾದಿ

ಮೇಡಂ ಯಾರ ಮನೆಗೆ ಹೋದರೂ ಚಪ್ಪಲಿ ಬಿಡುತ್ತಿದ್ದುದು ಬಾಗಿಲಲ್ಲಲ್ಲ, ಹುಲ್ಲಿನ ಅಂಚಿನಲ್ಲಿ. ಅಂಗಳದಲ್ಲಿ ಲಾನ್ ಕಂಡರೆ ಸಾಕು, ಮನೆಯವರು ಬಾಗಿಲು ತೆರೆದು ‘ಬನ್ನಿ ಬನ್ನಿ’ ಎನ್ನುವಷ್ಟರಲ್ಲಿ ಅವರು ಬರಿಗಾಲಲ್ಲಿ ಅದರ ನಡುವೆ ಹೋಗಿ ನಿಂತಾಗಿರುತ್ತಿತ್ತು. ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಒತ್ತುತ್ತಿದ್ದರು. ಆಮೇಲೆ ಬ್ಯಾಗಿನಿಂದ ಹಳದಿ ಹಿಡಿಯ ಒಂದು ಸ್ಕ್ರೂಡ್ರೈವರ್ ತೆಗೆದು, ಕುಕ್ಕುರುಗಾಲಲ್ಲಿ ಕೂತು, ಮಣ್ಣಿಗೆ ಚುಚ್ಚುತ್ತಿದ್ದರು. ಅದು ಹಿಡಿಯವರೆಗೆ ಇಳಿದರೆ ಅವರ ಮುಖ ಅರಳುತ್ತಿತ್ತು. ಅರ್ಧಕ್ಕೆ ನಿಂತರೆ ಮನೆಯೊಡತಿಗೆ ವಿಚಾರಣೆ ಶುರು. “ಕಬ್ಬಿಣವೇ ಇಳಿಯುವುದಿಲ್ಲ, ಪಾಪ, ಬೇರು ಹೇಗೆ ಇಳಿಯುವುದು?”

ಕದ್ರಿ ಪಾರ್ಕಿನಲ್ಲಿ ಒಮ್ಮೆ ಹೀಗೇ ಚುಚ್ಚುತ್ತ ಕೂತಿದ್ದಾಗ ವಾಚ್‌ಮ್ಯಾನ್ ಓಡಿ ಬಂದಿದ್ದ. “ಎಂತ ಹೂತಿಡ್ತಾ ಇದ್ದೀರಿ ಅಮ್ಮ?” ಎಂದು ಕೇಳಿದನಂತೆ. ಮೇಡಂ ಅವನನ್ನೂ ಪಕ್ಕದಲ್ಲಿ ಕೂರಿಸಿ, ಜನ ನಡೆದು ನಡೆದು ಮಣ್ಣು ಸಿಮೆಂಟಿನ ಹಾಗೆ ಆಗುವುದನ್ನು, ಮಳೆ ನೀರು ಒಳಗೆ ಹೋಗದೆ ಮೇಲೇ ನಿಂತು ಹುಲ್ಲಿನ ಬುಡ ಕೊಳೆಯುವುದನ್ನು ಅರ್ಧ ಗಂಟೆ ವಿವರಿಸಿದ್ದರು. “ಹುಲ್ಲು ಸಾಯುವುದು ನೀರಿಲ್ಲದೆ ಅಲ್ಲ, ಗಾಳಿ ಇಲ್ಲದೆ. ಮೇಲೆ ಇಷ್ಟು ಗಾಳಿ ಉಂಟು, ಕೆಳಗೆ ಒಂದು ಚೂರು ಇಲ್ಲ,” ಎನ್ನುವುದು ಅವರು ತರಗತಿಯಲ್ಲಿಯೂ, ಮದುವೆ ಮನೆಯಲ್ಲಿಯೂ, ಬಸ್ಸಿನಲ್ಲಿಯೂ ಹೇಳುತ್ತಿದ್ದ ಮಾತು. ಲಾನಿನಲ್ಲಿ ನಡೆಯುವ ರಿಸೆಪ್ಶನ್‌ಗಳಿಗೆ ಎತ್ತರ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಬರುವ ಹುಡುಗಿಯರು ಹುಲ್ಲಿನಲ್ಲಿ ಸಿಕ್ಕಿ ಸಿಕ್ಕಿ ನಡೆಯುವುದನ್ನು ನೋಡಿ, “ಲಾನಿಗೆ ಪುಕ್ಕಟೆ ತೂತು ಹೊಡೆದು ಕೊಡ್ತಾರೆ, ಇವರಿಗೆ ಮದುವೆ ಹಾಲ್‌ನ ಮಾಲೀಕರು ಸಂಬಳ ಕೊಡಬೇಕು,” ಎಂದು ನನ್ನ ಕಿವಿಯಲ್ಲಿ ಹೇಳಿದ್ದರು.

ನಾನು ಸಸ್ಯಶಾಸ್ತ್ರದ ಲೆಕ್ಚರರ್ ಆಗಿ ಕಾಲೇಜಿಗೆ ಸೇರಿದಾಗ ಅವರು ವಿಭಾಗದ ಮುಖ್ಯಸ್ಥೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ನನ್ನ ಗಂಡ ಗಲ್ಫಿನಲ್ಲಿ. ಕಾಲೇಜಿಗೆ ಹತ್ತಿರ ಒಂದು ಬಾಡಿಗೆ ಮನೆಗಾಗಿ ನಾನು ಹುಡುಕುತ್ತಿದ್ದೆ. ಫೋನಿನಲ್ಲಿ ನನ್ನ ಹೆಸರು ಕೇಳಿದ ಮೇಲೆ, ‘ಮನೆ ಈಗಷ್ಟೇ ಕೊಟ್ಟಾಯ್ತು’ ಎಂಬ ಉತ್ತರ ನಾಲ್ಕು ಕಡೆಯಿಂದ ಬಂದಿತ್ತು. ನಾಲ್ಕನೆಯ ಸಲ ನಾನು ಫೋನ್ ಇಡುವುದನ್ನು ಸ್ಟಾಫ್ ರೂಮಿನಲ್ಲಿ ಎದುರಿನ ಮೇಜಿನಿಂದ ನೋಡುತ್ತಿದ್ದ ಮೇಡಂ, ಕನ್ನಡಕ ತೆಗೆದು ಒರೆಸುತ್ತ ಹೇಳಿದರು: “ಕದ್ರಿಯಲ್ಲಿ ನಮ್ಮ ಮನೆಯ ಮೇಲಿನ ಪೋರ್ಶನ್ ಖಾಲಿ ಉಂಟು. ಒಂದೇ ಕಂಡಿಶನ್. ಹುಲ್ಲಿನ ಮೇಲೆ ಸ್ಕೂಟರ್ ನಿಲ್ಲಿಸಬಾರದು.”

ನಾವಿಬ್ಬರೂ ತುಳುವಿನಲ್ಲಿ ಮಾತಾಡಬಹುದಿತ್ತು. ಆದರೆ ಕಾಲೇಜಿನಲ್ಲಿ ಕನ್ನಡದಲ್ಲಿ ಶುರುವಾದದ್ದು ಮನೆಯಲ್ಲೂ ಹಾಗೇ ಮುಂದುವರಿಯಿತು. ಸಿಟ್ಟು ಬಂದಾಗ ಮಾತ್ರ ಅವರು ತುಳುವಿಗೆ ತಿರುಗುತ್ತಿದ್ದರು. ಅದೂ ಹೆಚ್ಚಾಗಿ ಅಂಕಲ್‌ನ ಮೇಲೆ.

ಅಂಕಲ್ ಎಂದರೆ ಅವರ ಗಂಡ. ಪೇಟೆಯಲ್ಲಿ ಅವರದೊಂದು ಹೊಟೇಲಿತ್ತು. ದೊಡ್ಡ ಆಳು, ಮಾತು ಕಡಿಮೆ. ಮಕ್ಕಳಿರಲಿಲ್ಲ. ಆ ವಿಷಯ ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಬೆಳಿಗ್ಗೆ ಆರು ಗಂಟೆಗೆ, ಹೊಟೇಲಿಗೆ ಹೊರಡುವ ಮೊದಲು, ಅವರು ಬರಿಗಾಲಲ್ಲಿ, ಬಿಳಿ ಮುಂಡು ಬನಿಯನ್ನಿನಲ್ಲಿ ಲಾನಿನ ಮೇಲೆ ಹಿಂದೆ ಮುಂದೆ ನಡೆಯುತ್ತಿದ್ದರು. ಗೇಟಿನ ಪಕ್ಕದ ನಲ್ಲಿಯಿಂದ ಮೂಲೆಯ ಜೀಗುಜ್ಜೆ ಮರದವರೆಗೆ, ಮತ್ತೆ ಅಲ್ಲಿಂದ ನಲ್ಲಿಯವರೆಗೆ. ತುಟಿ ಅಲುಗುತ್ತಿತ್ತು. ಮಂತ್ರ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಒಂದು ದಿನ ಹಾಲಿನ ಪ್ಯಾಕೆಟಿಗೆ ಕೆಳಗಿಳಿದಾಗ ಕೇಳಿಸಿತು: “ಸಾಂಬಾರಿಗೆ ಬೂದುಗುಂಬಳ... ಪಲ್ಯಕ್ಕೆ ಅಲಸಂಡೆ... ಬನ್ಸಿಗೆ ಬಾಳೆಹಣ್ಣು ಸಾಕಾ ಇಲ್ವಾ...”

ಸುಬಹಿ ನಮಾಜು ಮುಗಿಸಿ ನಾನು ಕಿಟಕಿ ತೆರೆಯುವ ಹೊತ್ತು ಅದೇ. ಹಾಗಾಗಿ ಅವರ ನಡಿಗೆಯನ್ನು ದಿನಾ ಮೇಲಿನಿಂದ ನೋಡುತ್ತಿದ್ದೆ. ಇಡೀ ಲಾನ್ ದಟ್ಟ ಹಸಿರು. ಅದರ ನಡುವೆ ಅವರು ನಡೆದು ನಡೆದು ಬಿದ್ದ ಒಂದು ಮೊಳ ಅಗಲದ ಕೆಂಪು ಹಾದಿ, ಎಣ್ಣೆ ಹಚ್ಚಿ ಬಾಚಿದ ತಲೆಯ ಬೈತಲೆಯ ಹಾಗೆ. ನೆಟ್ಟಗೆ ಬಂದ ಆ ಬೈತಲೆ ಒಂದು ಕಡೆ ಮಾತ್ರ ಸ್ವಲ್ಪ ಬಾಗಿ, ಮತ್ತೆ ನೆಟ್ಟಗಾಗುತ್ತಿತ್ತು. ಏಕೆ ಬಾಗಿದೆ ಎಂದು ನಾನು ಯೋಚಿಸಿದವಳಲ್ಲ.

ಆ ಹಾದಿಗೂ ಮೇಡಂಗೂ ದೊಡ್ಡ ಜಗಳ. ವರ್ಷಕ್ಕೆ ಎರಡು ಸಲ, ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಮತ್ತು ಮಳೆಗಾಲ ಮುಗಿಯುವಾಗ, ಅವರು ಲಾನಿಗೆ ತೂತು ಹೊಡೆಯುತ್ತಿದ್ದರು. ಮೊದಲು ಫೋರ್ಕಿನಿಂದ ಮಾಡುತ್ತಿದ್ದರಂತೆ. ನಾನು ಬರುವಾಗ ಅವರ ಹತ್ತಿರ ಕಾವೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಒಂದು ಸಾಧನವಿತ್ತು. ಹೊಟೇಲಿನ ಹಳೆಯ ನೀರಿನ ಪೈಪನ್ನು ಕತ್ತರಿಸಿ, ಚೂಪು ಮಾಡಿದ ಎರಡು ತುಂಡುಗಳನ್ನು ಒಂದು ಅಡ್ಡಪಟ್ಟಿಗೆ ಬೆಸೆದು, ಮೇಲೆ ಹಿಡಿ ಇಟ್ಟದ್ದು. ನಾವು ಅದನ್ನು ‘ಪೈಪು’ ಎಂದೇ ಕರೆಯುತ್ತಿದ್ದೆವು. ಪಟ್ಟಿಯ ಮೇಲೆ ಕಾಲಿಟ್ಟು ಒತ್ತಿದರೆ ಪೈಪು ಮಣ್ಣಿಗೆ ಇಳಿಯುತ್ತದೆ. ಎಳೆದು ಇನ್ನೊಂದು ಕಡೆ ಒತ್ತಿದಾಗ ಮೊದಲಿನ ಮಣ್ಣು ಕೋಡುಬಳೆಯ ತುಂಡಿನ ಹಾಗೆ ಮೇಲಿನಿಂದ ಉದುರುತ್ತದೆ. ಗೇಣಿಗೊಂದು ತೂತು. ಉದುರಿದ ಮಣ್ಣನ್ನು ಅಲ್ಲೇ ಒಣಗಲು ಬಿಟ್ಟು, ಪುಡಿ ಮಾಡಿ, ಹೊಳೆಯ ಹೊಯ್ಗೆ ಮತ್ತು ಗೊಬ್ಬರ ಬೆರೆಸಿ, ಪೊರಕೆಯಿಂದ ತೂತುಗಳಿಗೆ ಗುಡಿಸುವುದು. ನನಗೆ ಅದನ್ನೆಲ್ಲ ಕಲಿಸಿದ್ದು ಅವರೇ. “ಬರೇ ಚುಚ್ಚಿದರೆ ಮಣ್ಣು ಪಕ್ಕಕ್ಕೆ ಒತ್ತಿ ಇನ್ನೂ ಗಟ್ಟಿ ಆಗ್ತದೆ. ತೆಗೆಯಬೇಕು. ತೆಗೆದರೆ ಮಾತ್ರ ಜಾಗ,” ಎನ್ನುತ್ತಿದ್ದರು.

ಅಂಕಲ್‌ನ ಹಾದಿಗೆ ಅವರು ದುಪ್ಪಟ್ಟು ತೂತು ಹೊಡೆದು, ಹುಲ್ಲಿನ ಕುಡಿ ಊರಿ, ಎರಡೂ ಕಡೆ ಹಗ್ಗ ಕಟ್ಟಿ, ಹಗ್ಗಕ್ಕೆ ಕೆಂಪು ಬಟ್ಟೆ ಸಿಕ್ಕಿಸುತ್ತಿದ್ದರು. ಅಂಕಲ್ ನಾಲ್ಕು ದಿನ ಹಗ್ಗದ ಪಕ್ಕದಲ್ಲಿ ನಡೆಯುತ್ತಿದ್ದರು. ಐದನೆಯ ದಿನ ಹಗ್ಗ ದಾಟಿ ತಮ್ಮ ಹಾದಿಗೆ ಮರಳುತ್ತಿದ್ದರು.

“ಅಂಗಳಕ್ಕೆ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದು ಎಂತಕ್ಕೆ? ಅಲ್ಲಿ ನಡೆಯಲಿಕ್ಕೆ ಆಗುವುದಿಲ್ವಾ?” ಎಂದು ಮೇಡಂ ಕೂಗುತ್ತಿದ್ದರು.

“ಅಲ್ಲಿ ಕಾಲಿಗೆ ಎಂತದೂ ಸಿಗುವುದಿಲ್ಲ,” ಎಂಬುದಷ್ಟೇ ಅವರ ಉತ್ತರ.

“ಮೂವತ್ತು ವರ್ಷದಿಂದ ಈ ಒಂದು ಪಟ್ಟಿಯಲ್ಲಿ ನನಗೆ ಹುಲ್ಲು ಬರಿಸ್ಲಿಕ್ಕೆ ಆಗಲಿಲ್ಲ ಮಾರಾಯ್ತಿ,” ಎಂದು ಮೇಡಂ ನನ್ನ ಹತ್ತಿರ ದೂರುತ್ತಿದ್ದರು. “ಬಾಟನಿ ಪ್ರೊಫೆಸರ್ ಮನೆಯಲ್ಲಿ ಇದು. ಕಾಲೇಜಿನ ಮಕ್ಕಳು ನೋಡಿದರೆ ನಗ್ತಾರೆ.”

ಒಂದು ಜೂನ್ ತಿಂಗಳಲ್ಲಿ ಅಂಕಲ್ ಹೊಟೇಲಿನಲ್ಲೇ ಹೋದರು. ಗಲ್ಲೆಯ ಹಿಂದೆ ಕೂತಿದ್ದವರು ಹಾಗೇ ಒರಗಿದ್ದರು. ಗಿರಾಕಿಯೊಬ್ಬರು ಬಿಲ್ ಹಿಡಿದು ಒಂದೆರಡು ನಿಮಿಷ ಕಾದ ಮೇಲೆ ಗೊತ್ತಾಯಿತಂತೆ. ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿಯುವವರೆಗೆ ಮನೆ ತುಂಬ ನೆಂಟರು. ಆಮೇಲೆ ಮೇಡಂ ಒಬ್ಬರೇ ಕೆಳಗೆ, ನಾನೊಬ್ಬಳೇ ಮೇಲೆ. ಆ ಮಳೆಗಾಲದಲ್ಲಿ ಬೆಳಿಗ್ಗೆ ಆರು ಗಂಟೆಗೆ ಕಿಟಕಿ ತೆರೆಯಲು ನನಗೆ ಒಂದು ಥರ ಅಳುಕು. ಯಾರೂ ಇಲ್ಲ ಎಂದು ಗೊತ್ತಿದ್ದೂ ಮೊದಲು ಕಿವಿಗೊಡುತ್ತಿದ್ದೆ. ಒದ್ದೆ ಮಣ್ಣಿನ ಮೇಲೆ ಬೀಳುವ ಬರಿಗಾಲಿಗೆ ಒಂದು ಶಬ್ದವಿದೆ. ಅದು ನಿಂತ ಮೇಲೂ ಕಿವಿಯಲ್ಲಿ ಉಳಿಯುತ್ತದೆ.

ಆಗಸ್ಟಿನಲ್ಲಿ ಒಂದು ದಿನ ಕಿಟಕಿ ತೆರೆದಾಗ ಮೇಡಂ ಆ ಹಾದಿಯ ಮೇಲೆ ಮಣೆ ಹಾಕಿ ಕೂತು ಏನನ್ನೋ ಕೀಳುತ್ತಿದ್ದರು. ಕಳೆ ಎಂದುಕೊಂಡೆ. ಮರುವಾರ ನೋಡಿದರೆ ಅವರು ಅಲ್ಲಿ ನಡೆಯುತ್ತಿದ್ದರು. ನಲ್ಲಿಯಿಂದ ಮರಕ್ಕೆ, ಮರದಿಂದ ನಲ್ಲಿಗೆ, ತಲೆ ತಗ್ಗಿಸಿ, ಹೆಜ್ಜೆಯನ್ನು ಒತ್ತಿ ಒತ್ತಿ ಇಡುತ್ತ. ಮನಸ್ಸಿಗೆ ಸಮಾಧಾನವಾಗಲಿ ಎಂದು ನಡೆಯುತ್ತಾರೆ ಎಂದು ನಾನೇ ಅರ್ಥ ಕಟ್ಟಿಕೊಂಡೆ. ಕೇಳಲಿಲ್ಲ. ಮಳೆ ಕಡಿಮೆಯಾಗಿ, ತೂತು ಹೊಡೆಯುವ ಕಾಲ ಬಂದರೂ ಅವರು ಪೈಪು ಹೊರಗೆ ತೆಗೆಯಲಿಲ್ಲ. “ಈ ಸಲ ಬೇಡ,” ಎಂದರು. ಇಷ್ಟು ವರ್ಷದ ಶ್ರದ್ಧೆ ದುಃಖದಲ್ಲಿ ಹೋಯಿತಲ್ಲ ಎಂದು ನನಗೆ ಸಂಕಟವಾಯಿತು.

ಅಕ್ಟೋಬರಿನಲ್ಲಿ ಅವರಿಗೆ ಪಿತ್ತಕೋಶದ ಆಪರೇಶನ್ ಆಯಿತು. ಆರೈಕೆಗೆಂದು ಸುರತ್ಕಲ್‌ನಲ್ಲಿರುವ ಮೇಡಂನ ತಮ್ಮ ಅವರನ್ನು ತನ್ನ ಮನೆಗೆ ಕರೆದುಕೊಂಡು ಹೋದ. ಐದು ವಾರ. ಹೊರಡುವಾಗ ನನಗೆ ಬೀಗದ ಕೈ ಕೊಟ್ಟು, “ಗಿಡಗಳಿಗೆ ನೀರು ಹಾಕು. ಉಳಿದದ್ದು ಇದ್ದ ಹಾಗೇ ಇರಲಿ,” ಎಂದಿದ್ದರು. ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಅದು ಮನೆಯೊಳಗಿನ ಸಾಮಾನುಗಳ ವಿಷಯ ಎಂದು ತಿಳಿದೆ.

ಅವರು ಹೋದ ಮರುದಿನವೇ ನಾನು ಪೈಪು ತೆಗೆದೆ. ನಾಲ್ಕು ಮನೆಯವರು ಇಲ್ಲವೆಂದಾಗ ಬಾಗಿಲು ತೆರೆದ ಹೆಂಗಸಿಗೆ ನನ್ನಿಂದ ಆಗಬಹುದಾದ ಒಂದು ಕೆಲಸ ಎಂದರೆ ಇದೇ ಎನಿಸಿತ್ತು. ಕಾಲೇಜಿನಿಂದ ಬಂದು, ಚೂಡಿದಾರದ ತುದಿ ಎತ್ತಿ ಕಟ್ಟಿ, ದಿನಕ್ಕೆ ಎರಡು ಗಂಟೆಯ ಹಾಗೆ ಒಂದು ವಾರ ಮಾಡಿದೆ. ಅಂಕಲ್‌ನ ಹಾದಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅಲ್ಲಿ ಪೈಪು ಇಳಿಯಲೇ ಇಲ್ಲ, ಕಲ್ಲಿಗೆ ಹೊಡೆದಂತೆ ಪುಟಿಯಿತು. ಹಿಂದಿನ ಸಂಜೆ ನೀರು ನಿಲ್ಲಿಸಿ, ಮರುದಿನ ಎರಡೂ ಕಾಲಿಟ್ಟು ಹಾರಿ ಹಾರಿ ಒತ್ತಿದೆ. ಹೊರಗೆ ಬಂದ ಮಣ್ಣಿನ ತುಂಡುಗಳು ಇಟ್ಟಿಗೆಯಷ್ಟು ಗಟ್ಟಿ, ಒಳಗೆ ಒಂದು ಬೇರಿನ ಎಳೆ ಕೂಡ ಇಲ್ಲ. ಅವನ್ನು ಹಾರೆಯ ಹಿಂಬದಿಯಿಂದ ಕುಟ್ಟಿ ಪುಡಿ ಮಾಡಿದೆ. ಹೊಯ್ಗೆ, ಗೊಬ್ಬರ ತುಂಬಿದೆ. ಒತ್ತೊತ್ತಾಗಿ ಹುಲ್ಲಿನ ಕುಡಿ ಊರಿ, ದಿನಾ ಎರಡು ಹೊತ್ತು ನೀರು ಹಿಡಿದೆ. ಮೂರನೆಯ ವಾರಕ್ಕೆ ಎರಡೂ ಕಡೆಯ ಹುಲ್ಲು ಕೈ ಚಾಚಿ ನಡುವಿನ ಕುಡಿಗಳಿಗೆ ಸೇರಿಕೊಂಡಿತು. ಐದನೆಯ ವಾರ ಕಿಟಕಿಯಿಂದ ನೋಡಿದರೆ ಇಡೀ ಲಾನ್ ಒಂದೇ ಹಸಿರು. ಮೂವತ್ತು ವರ್ಷ ಅವರಿಂದ ಆಗದ್ದು ನನ್ನಿಂದ ಆಯಿತು ಎಂದು ಹೆಮ್ಮೆಪಟ್ಟೆ.

ಮೇಡಂ ತಮ್ಮನ ಕಾರಿನಲ್ಲಿ ಬಂದಿಳಿದದ್ದು ಒಂದು ಶನಿವಾರ. ತುಂಬ ಸೊರಗಿದ್ದರು. ಅಭ್ಯಾಸದಂತೆ ಹುಲ್ಲಿನ ಅಂಚಿನಲ್ಲಿ ಚಪ್ಪಲಿ ಬಿಟ್ಟವರು ಹಾಗೇ ನಿಂತುಬಿಟ್ಟರು. ನಾನು ಪಕ್ಕದಲ್ಲಿ ನಿಂತು, ಅವರ ಮುಖ ಅರಳುವುದನ್ನು ಕಾಯುತ್ತಿದ್ದೆ. ಅವರು ನಿಧಾನವಾಗಿ ನಡುವಿಗೆ ಹೋಗಿ, ಹೊಟ್ಟೆ ಹಿಡಿದುಕೊಂಡು ಬಗ್ಗಿ, ಸ್ಕ್ರೂಡ್ರೈವರ್ ಒತ್ತಿದರು. ಅದು ಬೆಣ್ಣೆಗೆ ಇಳಿದಂತೆ ಹಿಡಿಯವರೆಗೆ ಇಳಿಯಿತು. ಅವರು ಅದನ್ನು ಎಳೆದು ತೆಗೆಯಲೇ ಇಲ್ಲ. ಸ್ವಲ್ಪ ಹೊತ್ತು ಅದರ ಹಿಡಿಯ ಮೇಲೆ ಕೈಯಿಟ್ಟು ಕೂತಿದ್ದರು.

“ಚೆಂದ ಮಾಡಿದ್ದೀ,” ಎಂದರು ಕೊನೆಗೆ. “ನಾನು ಹೇಳಿಕೊಟ್ಟದ್ದಕ್ಕಿಂತ ಚೆಂದ ಮಾಡಿದ್ದೀ.”

ತಮ್ಮ ಅವರನ್ನು ಕೈಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದ. ಏನೋ ಸರಿಯಿಲ್ಲ ಎಂದು ನನಗೆ ಅನಿಸಿತು. ಆಪರೇಶನ್ನಿನ ಸುಸ್ತು ಎಂದು ತಳ್ಳಿಹಾಕಿದೆ.

ಮರುದಿನ ಬೆಳಿಗ್ಗೆ ಕಿಟಕಿ ತೆರೆದಾಗ ಮೇಡಂ ಲಾನಿನ ಮೇಲಿದ್ದರು. ಆದರೆ ನಡೆಯುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹೋಗುವರು, ನಿಲ್ಲುವರು, ಬರಿಗಾಲಿನಿಂದ ಆ ಕಡೆ ಈ ಕಡೆ ತಡವುವರು, ಮತ್ತೆ ನಲ್ಲಿಯ ಹತ್ತಿರ ಬಂದು ಮೊದಲಿನಿಂದ ಶುರು ಮಾಡುವರು. ಕತ್ತಲೆಯಲ್ಲಿ ಸ್ವಿಚ್ ಹುಡುಕುವವರ ಹಾಗೆ. ನಾನು ಕೆಳಗಿಳಿದು ಹೋದೆ.

“ಎಂತ ಹುಡುಕುವುದು ಮೇಡಂ?”

“ಇಲ್ಲಿ ಒಂದು ತಿರುವು ಇತ್ತು,” ಎಂದರು, ನನ್ನ ಕಡೆ ನೋಡದೆ. “ಮೊದಲು ಇಲ್ಲಿ ಬಟ್ಟೆ ಒಣಗಿಸುವ ಕಂಬ ಇತ್ತು. ಇವರು ಅದಕ್ಕೆ ಸುತ್ತು ಬಂದು ನಡೀತಿದ್ದರು. ಕಂಬ ತೆಗೆದು ಎಷ್ಟೋ ವರ್ಷ ಆಯ್ತು. ಇವರು ಮಾತ್ರ ಇಲ್ಲದ ಕಂಬಕ್ಕೆ ಸುತ್ತು ಬರುವುದು ಬಿಡಲಿಲ್ಲ. ನಾನು ತಮಾಷೆ ಮಾಡ್ತಿದ್ದೆ. ಅದು ಎಲ್ಲಿ ಅಂತ ಈಗ ಗೊತ್ತಾಗುವುದಿಲ್ಲ.”

ಮೇಡಂ ಹೆಬ್ಬೆರಳಿನಿಂದ ಹುಲ್ಲನ್ನು ಕೆದಕಿದರು.

“ಮಳೆಗಾಲದಲ್ಲಿ ಎರಡೂ ಕಡೆಯಿಂದ ಹುಲ್ಲು ಬರ್ಲಿಕ್ಕೆ ಶುರು ಆಯ್ತು,” ಎಂದರು. “ಕಿತ್ತೆ. ಮತ್ತೆ ಬಂತು. ಹಾಗೆ ನಡೀಲಿಕ್ಕೆ ಶುರು ಮಾಡಿದೆ. ಆದ್ರೆ ಅವರು ತೊಂಬತ್ತು ಕಿಲೋ ಮಾರಾಯ್ತಿ. ನಾನು ನಲ್ವತ್ತೆಂಟು. ನನ್ನ ಭಾರ ಸಾಕಾಗುವುದಿಲ್ಲ.”

ಆಗ ನನಗೆ ಎಲ್ಲವೂ ತಿಳಿಯಿತು. ‘ಈ ಸಲ ಬೇಡ’ ಎಂದದ್ದು, ‘ಇದ್ದ ಹಾಗೇ ಇರಲಿ’ ಎಂದದ್ದು, ಎರಡೂ. ನಾನು ಕುಟ್ಟಿ ಪುಡಿ ಮಾಡಿದ್ದು ಏನನ್ನು ಎಂಬುದೂ. ಕ್ಷಮಿಸಿ ಎನ್ನಬೇಕಿತ್ತು. ಬಾಯಿಗೆ ಬಂದದ್ದು ಬೇರೆಯೇ.

“ನಾನು ದಿನಾ ಮೇಲಿನಿಂದ ನೋಡಿದ್ದೇನೆ ಮೇಡಂ. ನನಗೆ ಸರಿಯಾಗಿ ನೆನಪುಂಟು. ನೀವು ಇಲ್ಲೇ ನಿಲ್ಲಿ, ನಾನು ಹೇಳ್ತೇನೆ.”

ಮೇಲೆ ಓಡಿ ಕಿಟಕಿಯಲ್ಲಿ ನಿಂತೆ. ಹಸಿರು, ಬರೀ ಹಸಿರು. ಮೇಡಂ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು, ತರಗತಿಯಲ್ಲಿ ಮಕ್ಕಳು ನೋಡುವಂತೆ. “ನೇರ ಬನ್ನಿ,” ಎಂದೆ. “ಸ್ವಲ್ಪ ಎಡಕ್ಕೆ. ಇನ್ನೂ ಮುಂದೆ. ಹಾಂ, ಅಲ್ಲಿ.” ಎಲ್ಲಿ ಎಂದು ನನಗೆ ಗೊತ್ತಿರಲಿಲ್ಲ. ಜೀಗುಜ್ಜೆ ಮರದಿಂದ ಇಷ್ಟು ದೂರ ಇದ್ದಿರಬಹುದು ಎಂದು ಅಂದಾಜು ಮಾಡಿದೆ ಅಷ್ಟೆ. “ಅಲ್ಲೇನಾ?” ಎಂದು ಕೇಳಿದರು. “ಅಲ್ಲೇ ಮೇಡಂ. ನನಗೆ ಗ್ಯಾರಂಟಿ ಉಂಟು.” ಅವರು ಆ ಜಾಗದಲ್ಲಿ ಕಾಲೂರಿ, ಒಂದು ಗೂಟ ತರಿಸಿ ನೆಟ್ಟುಕೊಂಡರು. ಮರುದಿನದಿಂದ ನಡೆದರು. ಮಳೆ ಇರಲಿ, ಜ್ವರ ಇರಲಿ, ಎರಡು ವರ್ಷ ನಡೆದರು. ಕೈಯಲ್ಲಿ ನೀರು ತುಂಬಿದ ಎರಡು ಕೊಡಪಾನ ಹಿಡಿದು ನಡೆದದ್ದನ್ನೂ ನೋಡಿದ್ದೇನೆ. ಭಾರಕ್ಕೆ. ನಿಧಾನವಾಗಿ ಹುಲ್ಲು ಹಳದಿಯಾಯಿತು, ಆಮೇಲೆ ತೆಳುವಾಯಿತು, ಕೆಂಪು ಮಣ್ಣು ಕಂಡಿತು. ಗೂಟ ಕಿತ್ತ ಮೇಲೂ ಅವರು ಅಲ್ಲಿ ಬಾಗಿ ಹೋಗುತ್ತಿದ್ದರು. ನನ್ನ ಮೇಲೆ ಅವರು ಒಮ್ಮೆಯೂ ಸಿಟ್ಟಾಗಲಿಲ್ಲ. ಅದೇ ನನಗೆ ಕಷ್ಟವಾಗಿತ್ತು.

ಆ ನಡಿಗೆ ಶುರುವಾಗಿ ಎರಡು ತಿಂಗಳಾಗಿರಬೇಕು, ಫೋನಿನಲ್ಲಿ ಜಾಗವಿಲ್ಲ ಎಂದು ಹಳೆಯ ಫೋಟೋಗಳನ್ನು ಅಳಿಸುತ್ತಿದ್ದೆ. ಒಂದು ಫೋಟೋ ಸಿಕ್ಕಿತು. ಅಂಕಲ್ ಹೋಗುವ ಸ್ವಲ್ಪ ದಿನ ಮೊದಲು, ಮೊದಲ ಮಳೆ ಬಿದ್ದ ಬೆಳಿಗ್ಗೆ, ಗಂಡನಿಗೆ ಕಳಿಸಲೆಂದು ಕಿಟಕಿಯಿಂದ ತೆಗೆದದ್ದು. ಅದರಲ್ಲಿ ಆ ಹಾದಿ ಸ್ಪಷ್ಟವಾಗಿತ್ತು. ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ತಿರುವು ಇದ್ದದ್ದು ನಲ್ಲಿಯ ಹತ್ತಿರ. ನಾನು ತೋರಿಸಿದ ಜಾಗಕ್ಕೂ ಅದಕ್ಕೂ ಹತ್ತು ಹದಿನೈದು ಹೆಜ್ಜೆ ವ್ಯತ್ಯಾಸ. ಬಾಗಿದ್ದು ಕೂಡ ಎಡಕ್ಕಲ್ಲ, ಬಲಕ್ಕೆ.

ಹೇಳಬೇಕಿತ್ತು. ಇವತ್ತು, ನಾಳೆ ಎನ್ನುತ್ತ ಉಳಿಯಿತು. ಹೇಳಿದರೆ ಅವರು ಮತ್ತೆ ಮೊದಲಿನಿಂದ ನಡೆಯಬೇಕು, ಅವರ ಕಾಲಿನಲ್ಲಿ ಅಷ್ಟು ಶಕ್ತಿ ಇಲ್ಲ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಫೋಟೋ ಅಳಿಸಲೂ ಆಗಲಿಲ್ಲ. ಎಷ್ಟೋ ಸಲ ಅದನ್ನು ತೆರೆದು, ಆ ತಿರುವನ್ನು ಮಾತ್ರ ದೊಡ್ಡದು ಮಾಡಿ ನೋಡಿ, ಮುಚ್ಚಿದ್ದೇನೆ. ಬೆಳಿಗ್ಗೆ ಕೆಳಗೆ ಅವರ ಹೆಜ್ಜೆ ಸಪ್ಪಳ ಕೇಳಿಸುವಾಗ, ನಾನು ಕಟ್ಟಿದ ಸುಳ್ಳಿನ ಮೇಲೆ ಯಾರೋ ನಡೆಯುತ್ತಿದ್ದಾರೆ ಎನಿಸಿ ಕಿಟಕಿ ತೆರೆಯದೆ ಕೂತ ದಿನಗಳಿವೆ.

ಕಳೆದ ಮಳೆಗಾಲದಲ್ಲಿ ಮೇಡಂ ಆಸ್ಪತ್ರೆ ಸೇರಿದರು. ಈ ಸಲ ಹಿಂದೆ ಬರುವುದಿಲ್ಲ ಎಂದು ತಮ್ಮ ನನಗೆ ಮೆಟ್ಟಿಲಲ್ಲೇ ಹೇಳಿದ. ಮಧ್ಯಾಹ್ನ ಅವರ ಪಕ್ಕದಲ್ಲಿ ನಾನೊಬ್ಬಳೇ ಕೂತಿದ್ದೆ. ಅವರಿಗೆ ಎಚ್ಚರವಿತ್ತು. “ಹಾದಿಯಲ್ಲಿ ಹುಲ್ಲು ಬಂತಾ?” ಎಂದು ಕೇಳಿದರು. ನನಗೆ ತಡೆಯಲಾಗಲಿಲ್ಲ.

“ಆ ಹಾದಿ ಸರಿ ಇಲ್ಲ ಮೇಡಂ. ನಾನು ಅಂದಾಜಿನಲ್ಲಿ ಹೇಳಿದ್ದು. ಸರಿಯಾದದ್ದು ಇದರಲ್ಲಿ ಉಂಟು,” ಎಂದು ಫೋನ್ ತೆರೆದು ಅವರ ಕೈಗಿಟ್ಟೆ. ತಿರುವು ಇದ್ದ ಜಾಗವನ್ನು ಬೆರಳಿನಿಂದ ತೋರಿಸಿದೆ.

ಅವರು ತಿರುವನ್ನು ನೋಡಲಿಲ್ಲ. ನನ್ನ ಬೆರಳನ್ನು ಮೆಲ್ಲಗೆ ಸರಿಸಿ, ಫೋನನ್ನು ಕಣ್ಣಿನ ಹತ್ತಿರ ತಂದು, ಫೋಟೋದ ಮೂಲೆಯನ್ನು ನೋಡಿದರು.

“ಇವರು ಇದ್ದಾರಲ್ಲ ಇದರಲ್ಲಿ,” ಎಂದರು.

ನಾನು ಬಗ್ಗಿ ನೋಡಿದೆ. ಜೀಗುಜ್ಜೆ ಮರದ ಕೆಳಗೆ, ದೊಡ್ಡ ಎಲೆಗಳ ನೆರಳಿನಲ್ಲಿ, ಬಿಳಿ ಬನಿಯನ್. ಮರದ ಬುಡದವರೆಗೆ ಹೋಗಿ ಈ ಕಡೆ ತಿರುಗುತ್ತಿರುವ ಅಂಕಲ್. ಮುಖ ಅರ್ಧ ಕಾಣುತ್ತಿತ್ತು, ತುಟಿ ಸ್ವಲ್ಪ ತೆರೆದಿತ್ತು. ಅಷ್ಟು ಸಲ ಆ ಫೋಟೋ ತೆರೆದಿದ್ದ ನಾನು ಒಮ್ಮೆಯೂ ಅವರನ್ನು ನೋಡಿರಲಿಲ್ಲ.

“ಇದು ಯಾವಾಗಿನಿಂದ ನಿನ್ನ ಹತ್ತಿರ ಉಂಟು?”

“ಎರಡು ವರ್ಷ ಆಯ್ತು ಮೇಡಂ.”

ಅವರು ಅದನ್ನು ನೋಡುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಫೋನಿನ ಬೆಳಕು ಆರಿತು. ಅವರು ಅದನ್ನು ನನ್ನ ಕಡೆ ಚಾಚಿದರು. ನಾನು ಬೆರಳಿಟ್ಟು ತೆರೆದುಕೊಟ್ಟೆ. ಮತ್ತೆ ಆರಿತು, ಮತ್ತೆ ಚಾಚಿದರು. ನರ್ಸ್ ಬಂದು ಹೊತ್ತಾಯಿತು ಎನ್ನುವವರೆಗೆ ಹೀಗೇ ನಡೆಯಿತು. ಅಷ್ಟು ಹೊತ್ತಿನಲ್ಲಿ ಅವರು ನನ್ನ ಮುಖವನ್ನು ಒಮ್ಮೆಯೂ ನೋಡಲಿಲ್ಲ. ನಾಲ್ಕನೆಯ ದಿನ ತೀರಿಕೊಂಡರು.

ಆ ಫೋಟೋ ಈಗಲೂ ನನ್ನ ಹತ್ತಿರ ಇದೆ. ಹಾದಿ ಎಲ್ಲಿ ಬಾಗುತ್ತದೆ ಎಂದು ನೋಡಲು ಹೋದರೂ ಈಗ ಆಗುವುದಿಲ್ಲ. ತೆರೆದ ಕೂಡಲೇ ಕಣ್ಣು ಮರದ ಕೆಳಗಿನ ನೆರಳಿಗೆ ಹೋಗುತ್ತದೆ. ಅಲ್ಲಿ ಅವರು ಈ ಕಡೆ ತಿರುಗುತ್ತಿದ್ದಾರೆ, ಬರುವವರ ಹಾಗೆ.